ಎರಡಕ್ಷರದ ಆಜ್ಞೆಗಳು

ಗಣಕಯಂತ್ರವೆಂದರೆ ಬಣ್ಣದ ಚಿತ್ರಗಳ ಮೇಲೆ ಬೆರಳಿಟ್ಟು ನಡೆಸುವ ಸಾಧನವೆಂದೇ ನಮ್ಮ ಮಕ್ಕಳು ತಿಳಿದಿರುವರು. ಆ ಚಿತ್ರಗಳು ಹುಟ್ಟುವ ಮೊದಲೇ, ಅಕ್ಷರಗಳನ್ನೊತ್ತಿ ಯಂತ್ರಕ್ಕೆ ಆಜ್ಞೆ ಕೊಡುವ ಪದ್ಧತಿಯಿತ್ತು. ಅದು ಇಂದಿಗೂ ಬಳಕೆಯಲ್ಲಿದೆ. ಆ ಪದ್ಧತಿಗೂ ನಮ್ಮ ನುಡಿಗೂ ಬೆಳೆದ ನಂಟನ್ನು ರಾಜ್ಯೋತ್ಸವದ ಈ ಹೊತ್ತಿನಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯು ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹಿಂದೆ ಸರಿಯಿತು. ಅಲ್ಲಿದ್ದ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮತ್ತವರ ಸಂಗಡಿಗರು ಕೈಕಟ್ಟಿ ಕೂಡಲಿಲ್ಲ. ಹೆಚ್ಚು ಬಳಕೆಯಿಲ್ಲದಿದ್ದ ಪಿಡಿಪಿ-7 ಎಂಬ ಚಿಕ್ಕ ಯಂತ್ರದಲ್ಲಿ, ಕಡತಗಳನ್ನು ಇಡುವ ತೆಗೆಯುವ ತಮ್ಮದೇ ವ್ಯವಸ್ಥೆಯನ್ನು ಕಟ್ಟಿದರು. ಅದೇ ಮುಂದೆ ಯೂನಿಕ್ಸ್ ಎಂದು ಹೆಸರಾಯಿತು.

ಅವರು ಬಳಸುತ್ತಿದ್ದ ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರವು ಸೆಕೆಂಡಿಗೆ ಹತ್ತೇ ಅಕ್ಷರಗಳನ್ನು ಕಾಗದದ ಮೇಲೆ ಮೂಡಿಸುತ್ತಿತ್ತು. ಹೀಗಿರಲು ಮಾತು ಬೆಳೆಸುವವರಾರು? ಕಡತಗಳ ಪಟ್ಟಿ ತೋರಿಸಲು ‘ಎಲ್‌ಎಸ್’ ಎಂದರು. ನಕಲು ಮಾಡಲು ‘ಸಿಪಿ’, ಅಳಿಸಲು ‘ಆರ್‌ಎಂ’. ‘ಎಂವಿ’ ಎಂದರೆ ಕಡತದ ಜಾಗ ಇಲ್ಲವೆ ಹೆಸರು ಬದಲಾಗುವುದು. 1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾದಂತೆ, ಒಳಗಿನದು ಅದೇ, ಹೆಸರು ಮಾತ್ರ ಹೊಸದು. ಕಡತಗಳಿಗೊಂದು ಕಪಾಟು ಬೇಕಾದರೆ ‘ಎಂಕೆಡಿಐಆರ್’; ಕಡತವನ್ನು ತೆರೆದು ತೋರಿಸಲು ‘ಕ್ಯಾಟ್’. ‘ಕ್ಯಾಟ್’ನ ಮುಂದೆ ಬಾಣದ ಗುರುತನ್ನೂ ಹೆಸರೊಂದನ್ನೂ ಇಟ್ಟರೆ, ನಾವು ಒತ್ತಿದ ಸಾಲುಗಳೇ ಹೊಸ ಕಡತವಾಗುವುವು. 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಕೈಪಿಡಿಯಲ್ಲಿಯೇ ಇವೆಲ್ಲವೂ ಇದ್ದವು.

ಈ ಶಿಲ್ಪಿಗಳ ಇನ್ನೊಂದು ನಿರ್ಧಾರ ದೊಡ್ಡದು. ಕಡತವೆಂದರೆ ಬರಿಯ ಬೈಟುಗಳ ಸಾಲು. ಅದರಲ್ಲಿ ಏನಿದೆಯೆಂದು ವ್ಯವಸ್ಥೆ ಕೇಳದು. ಹೆಸರಿನಲ್ಲಿಯೂ ಓರೆಗೆರೆ ಮತ್ತು ಸೊನ್ನೆಯ ಬೈಟು, ಇವೆರಡಕ್ಕೆ ಮಾತ್ರ ನಿಷೇಧ.

1991ರಲ್ಲಿ ಯೂನಿಕೋಡ್ ಪದ್ಧತಿಯು ಕನ್ನಡದ ಅಕ್ಷರಗಳಿಗೂ ಅಂಕಿಗಳನ್ನು ಗೊತ್ತುಮಾಡಿತು. ಆದರೆ ಒಂದೊಂದು ಅಕ್ಷರಕ್ಕೂ ಎರಡು ಬೈಟು ಕೊಟ್ಟರೆ, ಇಂಗ್ಲಿಷ್ ಅಕ್ಷರಗಳಲ್ಲಿ ನಿಷಿದ್ಧವಾದ ಸೊನ್ನೆಯೇ ನುಸುಳುತ್ತಿತ್ತು. 1992ರ ಸೆಪ್ಟೆಂಬರಿನಲ್ಲಿ ಅದೇ ಥಾಮ್ಸನ್, ರಾಬ್ ಪೈಕ್ ಜೊತೆ ನ್ಯೂಜೆರ್ಸಿಯ ಉಪಾಹಾರಗೃಹವೊಂದರಲ್ಲಿ ಕುಳಿತು, ತಟ್ಟೆಯಡಿಯ ಕಾಗದದ ಮೇಲೆ ಪರಿಹಾರ ಬರೆದನು. ಅದೇ ಯುಟಿಎಫ್-8. ಇಂಗ್ಲಿಷಿಗೆ ಎಂದಿನಂತೆ ಒಂದು ಬೈಟು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಆ ಮೂರರಲ್ಲಿ ಸೊನ್ನೆಯಾಗಲಿ ಓರೆಗೆರೆಯಾಗಲಿ ಎಂದಿಗೂ ಬಾರದು. ‘ಸಂಘ’ ಎಂಬ ಹೆಸರು ಒಂಬತ್ತು ಬೈಟಾಗುವುದು. ಹಳೆಯ ಆಜ್ಞೆಗಳು ಅದಕ್ಕೆ ಮುಗ್ಗರಿಸವು.

ಹೊರನಾಡಿನಲ್ಲಿ ಮನೆಯ ಬಾಗಿಲಿಗೆ ಕನ್ನಡದ ಫಲಕ ಹಾಕುವ ನಾವು, ನಮ್ಮ ಕಡತಗಳಿಗೆ ಮಾತ್ರ ಇಂಗ್ಲಿಷ್ ಹೆಸರಿಡಬೇಕೆ? ಸಂಘದ ನಡಾವಳಿ, ಅಜ್ಜಿ ಹೇಳಿ ಬರೆಯಿಸಿದ ಅಡುಗೆ, ಊರಿನಿಂದ ಬಂದ ಕಾಗದಗಳ ಪ್ರತಿ, ಇವುಗಳಿಗೆ ಕನ್ನಡದ ಹೆಸರನ್ನೇ ಇಡೋಣ. ಕನ್ನಡ ಶಾಲೆಯ ಮೆಟ್ಟಿಲು ತುಳಿಯದ ಮಗುವಿಗೆ ಆ ಹೆಸರೇ ಮೊದಲ ಪಾಠವಾದೀತು. ‘ಸಿಪಿ’ಯಿಂದ ಒಂದು ನಕಲನ್ನು ಬೇರೆಡೆ ಇಡುವುದನ್ನೂ ಮರೆಯದಿರೋಣ, ಏಕೆಂದರೆ ‘ಆರ್‌ಎಂ’ ಅಳಿಸಿದುದನ್ನು ಹಿಂದಕ್ಕೆ ತರುವ ಆಜ್ಞೆ ಆ ಕೈಪಿಡಿಯಲ್ಲಿ ಇರಲಿಲ್ಲ. ಅಳಿದ ನುಡಿಗೂ ಅಂಥ ಆಜ್ಞೆಯಿಲ್ಲ.