ಕಾಶಿಯ ಸ್ಯಾದ್ವಾದ ಮಹಾವಿದ್ಯಾಲಯ ಮತ್ತು ಗ್ರಂಥಸಂಪಾದನೆ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದುಬಂದ ಜಯಧವಲೆಯು ಮುದ್ರಣಗೊಂಡು ವಿದ್ವಾಂಸರ ಕೈಸೇರಿದ ವೃತ್ತಾಂತವು ಕಾಶಿಯ ಸ್ಯಾದ್ವಾದ ಮಹಾವಿದ್ಯಾಲಯದ ಸ್ಮರಣೆಯಿಲ್ಲದೆ ಪೂರ್ಣವಾಗದು.

ಬುಂದೇಲಖಂಡದ ವೈಷ್ಣವ ಮನೆತನದಲ್ಲಿ 1874ರಲ್ಲಿ ಜನಿಸಿ ಜಿನಧರ್ಮವನ್ನು ಆಶ್ರಯಿಸಿದ ಪೂಜ್ಯ ಗಣೇಶಪ್ರಸಾದ ವರ್ಣಿಯವರು ನ್ಯಾಯಶಾಸ್ತ್ರವನ್ನು ಕಲಿಯಲು ಕಾಶಿಗೆ ಹೋದರು. ಅವರು ಜೈನರೆಂದು ತಿಳಿದೊಡನೆ ಅಲ್ಲಿನ ನೈಯಾಯಿಕರೊಬ್ಬರು ಪಾಠ ಹೇಳಲು ನಿರಾಕರಿಸಿದರು. ಮುಂದೆ ಪಂಡಿತ ಅಂಬಾದಾಸ ಶಾಸ್ತ್ರಿಗಳು ಅವರನ್ನು ಶಿಷ್ಯರಾಗಿ ಸ್ವೀಕರಿಸಿದರು. ತಮಗಾದ ಅವಮಾನವು ಮತ್ತೊಬ್ಬ ಜೈನ ವಿದ್ಯಾರ್ಥಿಗೆ ಆಗಬಾರದೆಂದು ವರ್ಣಿಯವರು ನಿಶ್ಚಯಿಸಿದರು. ದಾನವಾಗಿ ದೊರೆತ ಒಂದು ರೂಪಾಯಿಯಿಂದ 64 ಅಂಚೆ ಕಾರ್ಡುಗಳನ್ನು ಕೊಂಡು ಸಮಾಜದ ಪ್ರಮುಖರಿಗೆ ಪತ್ರ ಬರೆದರು. ಅದರ ಫಲವಾಗಿ 1905ರಲ್ಲಿ, ಸುಪಾರ್ಶ್ವನಾಥ ತೀರ್ಥಂಕರರ ಜನ್ಮಸ್ಥಾನವೆಂದು ಪ್ರಸಿದ್ಧವಾದ ಭದೈನಿಯ ಗಂಗಾತೀರದಲ್ಲಿ, ಮುಂಬಯಿಯ ಸೇಠ್ ಮಾಣಿಕಚಂದ್ರರ ಹಸ್ತದಿಂದ ವಿದ್ಯಾಲಯವು ಉದ್ಘಾಟನೆಗೊಂಡಿತು. ಸ್ಥಾಪಕರೇ ಅದರ ಮೊದಲ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತರೆಂಬುದು ಗಮನಾರ್ಹ.

ಇದು ವಿದ್ಯಾರ್ಥಿನಿಲಯವನ್ನೊಳಗೊಂಡ ಗುರುಕುಲ. ದೂರದ ಊರುಗಳ ಬಾಲಕರು ಇಲ್ಲಿಯೇ ವಾಸಿಸಿ, ವೈದಿಕ ಪಂಡಿತರಿಂದ ವ್ಯಾಕರಣ, ನ್ಯಾಯಗಳನ್ನೂ ಜೈನ ವಿದ್ವಾಂಸರಿಂದ ಸಿದ್ಧಾಂತವನ್ನೂ ಕಲಿತರು.

ಇಲ್ಲಿ ವಿದ್ಯಾರ್ಥಿಯಾಗಿದ್ದ ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳು (1903-1987) ಮುಂದೆ ಇಲ್ಲಿಯೇ ಪ್ರಧಾನಾಚಾರ್ಯರಾದರು. ಇಲ್ಲಿ ನ್ಯಾಯಾಧ್ಯಾಪಕರಾಗಿದ್ದ ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರು ಪ್ರಭಾಚಂದ್ರರ ನ್ಯಾಯಕುಮುದಚಂದ್ರವನ್ನು ಎರಡು ಭಾಗಗಳಲ್ಲಿ (1938, 1941) ಸಂಪಾದಿಸಿದರು. ಸೇಠ್ ಮಾಣಿಕಚಂದ್ರರ ಹೆಸರಿನ ಗ್ರಂಥಮಾಲೆಯಲ್ಲಿಯೇ ಅದು ಪ್ರಕಟವಾಯಿತು. ಈ ಇಬ್ಬರೂ ಪಂಡಿತ ಫೂಲಚಂದ್ರ ಶಾಸ್ತ್ರಿಗಳೊಡನೆ ಸೇರಿ ಸಿದ್ಧಗೊಳಿಸಿದ ಜಯಧವಲೆಯ ಮೊದಲ ಭಾಗವು 1944ರಲ್ಲಿ ಮಥುರೆಯಿಂದ ಹೊರಬಂದಿತು.

ಅಕಲಂಕ, ಪ್ರಭಾಚಂದ್ರರ ಗ್ರಂಥಗಳಲ್ಲಿ ಬೌದ್ಧ, ಮೀಮಾಂಸಕ, ನೈಯಾಯಿಕ ಪೂರ್ವಪಕ್ಷಗಳು ತುಂಬಿವೆ. ಆ ದರ್ಶನಗಳನ್ನು ಅರಿಯದವನಿಗೆ ಲಿಪಿಕಾರನ ಸ್ಖಲಿತವಾವುದು, ಗ್ರಂಥಕಾರನ ಪಾಠವಾವುದು ಎಂಬುದೇ ತಿಳಿಯದು. ಪೂರ್ವಪಕ್ಷವು ಎಲ್ಲಿ ಮುಗಿದು ಸಿದ್ಧಾಂತವು ಎಲ್ಲಿ ಆರಂಭವಾಯಿತೆಂಬುದರಲ್ಲಿಯೂ ಅವನು ತಪ್ಪುತ್ತಾನೆ. ನೈಯಾಯಿಕರ ಮನೆಬಾಗಿಲಲ್ಲಿ ವರ್ಣಿಯವರಿಗೆ ನಿರಾಕೃತವಾದ ವಿದ್ಯೆಯೇ ಹೀಗೆ ಶ್ರುತರಕ್ಷಣೆಗೆ ಅವಶ್ಯವಾದ ಸಾಧನವಾಯಿತು.

ತಾಡಪತ್ರಗಳನ್ನು ಗೆದ್ದಲಿನಿಂದ ಕಾಪಾಡಿದ ದಕ್ಷಿಣದ ಭಂಡಾರಗಳ ಸೇವೆ ಚಿರಸ್ಮರಣೀಯವಾದುದು. ಆದರೆ ಓದಬಲ್ಲವರಿಲ್ಲದ ಭಂಡಾರದಲ್ಲಿ ಗ್ರಂಥವು ಪೂಜಾದ್ರವ್ಯವಾಗಿ ಮಾತ್ರ ಉಳಿಯುತ್ತದೆ. ಹಸ್ತಪ್ರತಿಗಳಿಗೆ ಕಪಾಟನ್ನು ಒದಗಿಸುವ ದಾನಿಗಳು ಒಬ್ಬ ವಿದ್ಯಾರ್ಥಿಯ ಅನ್ನವಸತಿಗಳನ್ನೂ ಶ್ರುತಭಕ್ತಿಯೆಂದೇ ಎಣಿಸಬೇಕು.