ಬಾಳಿಕೆ ಬಂದದ್ದು ಉಳಿಯಲಿಲ್ಲ

ಯುರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಾಲದ ಹುಡುಗರ ಉಡುಪುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿರುತ್ತಾರೆ. ಅವುಗಳ ಚಿತ್ರಗಳನ್ನು ನೀವು ಪುಸ್ತಕಗಳಲ್ಲೋ ದೂರದರ್ಶನದಲ್ಲೋ ನೋಡಿರಬಹುದು. ಅಲ್ಲಿ ರೇಷ್ಮೆ ಇದೆ, ಮಖಮಲ್ಲು ಇದೆ, ಕಸೂತಿಯ ಕಾಲರ್ ಇದೆ. ಮರ ಹತ್ತಿದ, ಕೆಸರಿನಲ್ಲಿ ಬಿದ್ದ, ಮೊಣಕಾಲು ತರಚಿಕೊಂಡ ಹುಡುಗನ ಬಟ್ಟೆ ಮಾತ್ರ ಅಪರೂಪ. ಹಾಗಾದರೆ ಆ ಕಾಲದ ಹುಡುಗರೆಲ್ಲ ಮಖಮಲ್ಲು ತೊಟ್ಟು ಕೈಕಟ್ಟಿ ಕುಳಿತಿದ್ದರೇ?

ಖಂಡಿತ ಇಲ್ಲ. ದಿನವೂ ತೊಟ್ಟ ಬಟ್ಟೆ ಅಣ್ಣನಿಂದ ತಮ್ಮನಿಗೆ ಹೋಯಿತು. ತಮ್ಮನಿಂದ ಇನ್ನೊಂದು ಬಟ್ಟೆಯ ತೇಪೆಯಾಯಿತು. ಕೊನೆಗೆ ನೆಲ ಒರೆಸುವ ಅರಿವೆಯಾಗಿ ಸವೆದುಹೋಯಿತು. ಹಬ್ಬಕ್ಕೆ ಎರಡು ಸಲ ತೊಟ್ಟು ಪೆಟ್ಟಿಗೆಗೆ ಸೇರಿಸಿದ್ದು ಮಾತ್ರ ಉಳಿಯಿತು. ಅಂದರೆ, ಚೆನ್ನಾಗಿ ಬಾಳಿಕೆ ಬಂದ ಬಟ್ಟೆ ನಮ್ಮವರೆಗೆ ಬರಲಿಲ್ಲ. ಬಂದದ್ದು ಹೆಚ್ಚಾಗಿ ಬಳಸದ ಬಟ್ಟೆ. ಬಟ್ಟೆಯೊಂದಿಗೆ ಅದನ್ನು ಕತ್ತರಿಸಿ ಹೊಲಿದ ಕೈಗಳ ಜಾಣ್ಮೆಯೂ ಕಣ್ಮರೆಯಾಯಿತು. ಆ ಜಾಣ್ಮೆಯ ಜಾಡು ಹಿಡಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಓಟಕ್ಕೆ ಒಗ್ಗಿದ ಉಡುಪು

18ನೆಯ ಶತಮಾನದ ಯುರೋಪಿನಲ್ಲಿ ಪುಟ್ಟ ಹುಡುಗರೂ ಹುಡುಗಿಯರಂತೆ ಉದ್ದನೆಯ ಲಂಗದಂಥ ಉಡುಪನ್ನೇ ತೊಡುತ್ತಿದ್ದರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವೂ ಇತ್ತು. ಸಣ್ಣ ಮಗುವಿಗೆ ಅದು ಅನುಕೂಲ. ಮಗು ಬೆಳೆದಂತೆ ಕೆಳಗಿನ ಮಡಿಕೆ ಬಿಚ್ಚಿದರೆ ಸಾಕು, ಬಟ್ಟೆ ಉದ್ದವಾಗುತ್ತದೆ. ಸುಮಾರು ನಾಲ್ಕರಿಂದ ಏಳು ವರ್ಷದೊಳಗೆ ಹುಡುಗನಿಗೆ ಮೊದಲ ಚಲ್ಲಣ ಹಾಕುತ್ತಿದ್ದರು. ಆದರೆ ಅದರ ಜೊತೆಗೆ ಅವನಿಗೆ ಸಿಗುತ್ತಿದ್ದುದು ದೊಡ್ಡವರ ಉಡುಪಿನ ಪುಟ್ಟ ಪ್ರತಿ: ಬಿಗಿಯಾದ ಕೋಟು, ಬಿಗಿಯಾದ ಮೊಣಕಾಲಿನ ಪಟ್ಟಿ.

ಇಂಗ್ಲೆಂಡಿನ ಜಾನ್ ಲಾಕ್ 1693ರಲ್ಲಿ ಪ್ರಕಟಿಸಿದ ಶಿಕ್ಷಣದ ಗ್ರಂಥದಲ್ಲಿ ಮಕ್ಕಳಿಗೆ ಬಿಗಿ ಬಟ್ಟೆ ಬೇಡವೆಂದು ವಾದಿಸಿದ್ದ. 1762ರಲ್ಲಿ ರೂಸೋ ತನ್ನ ‘ಎಮಿಲ್’ ಗ್ರಂಥದಲ್ಲಿ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಮಗುವಿನ ಕೈಕಾಲು ಆಡಬೇಕು, ಆಟವೂ ಬೆಳವಣಿಗೆಯ ಭಾಗ ಎಂಬ ವಿಚಾರ ನಿಧಾನವಾಗಿ ಮನೆಮನೆಗೆ ಇಳಿಯಿತು. 1780ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹುಡುಗರಿಗೆಂದೇ ಒಂದು ಹೊಸ ಉಡುಪು ಬಳಕೆಗೆ ಬಂತು. ಗಿಡ್ಡ ಅಂಗಿ, ಉದ್ದ ಪ್ಯಾಂಟು. ಸೊಂಟದ ಸುತ್ತ ಗುಂಡಿಗಳಿಂದ ಪ್ಯಾಂಟನ್ನು ಅಂಗಿಗೇ ಸಿಕ್ಕಿಸುವ ವ್ಯವಸ್ಥೆ. ಹುಡುಗ ಎಷ್ಟು ಓಡಿದರೂ ಪ್ಯಾಂಟು ಜಾರುವುದಿಲ್ಲ. ದೊಡ್ಡ ಗಂಡಸರು ಇನ್ನೂ ಮೊಣಕಾಲಿನವರೆಗಿನ ಚಲ್ಲಣ ತೊಡುತ್ತಿದ್ದಾಗಲೇ ಹುಡುಗರಿಗೆ ಉದ್ದ ಪ್ಯಾಂಟು ಸಿಕ್ಕಿತ್ತು ಎಂಬುದನ್ನು ಗಮನಿಸಿ.

ದುಡಿಯುವವರಿಂದ ಬಂದ ಪಾಠ

ಆ ಪ್ಯಾಂಟು ಎಲ್ಲಿಂದ ಬಂತು? ಅದು ಅರಮನೆಯ ಉಡುಪಲ್ಲ. ನಾವಿಕರು, ಕೂಲಿಕಾರರು ತೊಡುತ್ತಿದ್ದುದು. ಹುಡುಗರ ಬಟ್ಟೆಯ ಇತಿಹಾಸದಲ್ಲಿ ಈ ಸಂಗತಿ ಮತ್ತೆ ಮತ್ತೆ ಕಾಣಿಸುತ್ತದೆ. ಸದಾ ಓಡಾಡುವ ಹುಡುಗನಿಗೆ ಒಗ್ಗುವ ಬಟ್ಟೆ ಬೇಕೆಂದಾಗ ಜನ ದುಡಿಯುವವರ ಕಡೆಗೇ ನೋಡಿದ್ದಾರೆ.

1846ನೆಯ ಇಸವಿಯನ್ನು ಗುರುತು ಹಾಕಿಕೊಳ್ಳಿ. ಆ ವರ್ಷ ವಿಕ್ಟೋರಿಯಾ ರಾಣಿಯ ನಾಲ್ಕು ವರ್ಷದ ಮಗ ಆಲ್ಬರ್ಟ್ ಎಡ್ವರ್ಡನಿಗೆ ರಾಜನೌಕೆಯ ನಾವಿಕರ ಮಾದರಿಯಲ್ಲೇ ಒಂದು ಪುಟ್ಟ ಉಡುಪು ಹೊಲಿಸಿದರು. ಅದನ್ನು ತೊಟ್ಟ ರಾಜಕುಮಾರನ ಚಿತ್ರವನ್ನು ವಿಂಟರ್‌ಹಾಲ್ಟರ್ ಎಂಬ ಕಲಾವಿದ ಬರೆದ. ಸಡಿಲ ಅಂಗಿ, ಅಗಲ ಕಾಲಿನ ಪ್ಯಾಂಟು, ಒಗೆದರೆ ಹಾಳಾಗದ ಬಟ್ಟೆ. ಮುಂದಿನ ದಶಕಗಳಲ್ಲಿ ಈ ನಾವಿಕನ ಉಡುಪು ಅನೇಕ ದೇಶಗಳ ಹುಡುಗರ ಮೈಮೇಲೆ ಬಂತು. ರಾಜಕುಮಾರನ ಆ ಉಡುಪು ಇಂದಿಗೂ ಲಂಡನ್ನಿನ ಗ್ರೀನಿಚ್‌ನ ನೌಕಾ ಸಂಗ್ರಹಾಲಯದಲ್ಲಿದೆ. ಅದೇ ಮಾದರಿಯ ಬಟ್ಟೆಯನ್ನು ಹರಿಯುವವರೆಗೂ ತೊಟ್ಟ ಸಾವಿರಾರು ಹುಡುಗರ ಅಂಗಿಗಳು ಎಲ್ಲಿವೆ? ಮೊದಲು ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಅದೇ 1846ರಲ್ಲಿ ಪೆಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ‘ಗೈಡ್ಸ್’ ಎಂಬ ಸೈನ್ಯದ ತುಕಡಿಯನ್ನು ಕಟ್ಟಿದ. ಕೆಂಪು ಕೋಟಿನ ಬದಲು ಮಣ್ಣಿನ ಬಣ್ಣದ ಉಡುಪನ್ನು ಬಳಕೆಗೆ ತಂದದ್ದು ಈ ತುಕಡಿ. ‘ಖಾಕ್’ ಎಂದರೆ ಧೂಳು. ಖಾಕಿ ಎಂದರೆ ಧೂಳಿನ ಬಣ್ಣದ್ದು. ಮುಂದೆ ನಮ್ಮ ಕರಾವಳಿಯ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯೂ ಖಾಕಿ ಬಟ್ಟೆಗೆ ಹೆಸರಾಯಿತು. ಸೈನಿಕನ ಆ ಖಾಕಿಯೇ ನಮ್ಮ ಎಷ್ಟೋ ಶಾಲೆಗಳ ಹುಡುಗರಿಗೆ ನಿಕ್ಕರಾಗಿ ಬಂತು. ಕೊಳೆ ಕಾಣಿಸದ, ಗಟ್ಟಿಯಾದ ಬಟ್ಟೆ ತಾಯಂದಿರಿಗೆ ಬೇಡವೇ?

ಅಮೆರಿಕದ ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್‌ನ ಕಥೆಯೂ ಇಂಥದೇ. ಕೂಲಿಯೊಬ್ಬನ ಹೆಂಡತಿ ಬಂದು ತನ್ನ ಗಂಡನಿಗೆ ಬೇಗ ಹರಿಯದ ಪ್ಯಾಂಟು ಹೊಲಿದುಕೊಡಿ ಎಂದು ಕೇಳಿದಳು. ಜೇಬಿನ ಮೂಲೆಗಳಿಗೆ ಡೇವಿಸ್ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ನೀವು ತೊಡುವ ಜೀನ್ಸ್ ಹುಟ್ಟಿದ್ದು ಹೀಗೆ. ಬೇಡಿಕೆ ಇಟ್ಟ ಆ ಹೆಂಗಸಿನ ಹೆಸರನ್ನು ಮಾತ್ರ ಯಾರೂ ಪೇಟೆಂಟಿನಲ್ಲಿ ಬರೆಯಲಿಲ್ಲ.

ಯಂತ್ರ ಮತ್ತು ಕಾಗದ

ಇದೇ ಕಾಲದಲ್ಲಿ ಮನೆಯ ಹೊಲಿಗೆಯೂ ಬದಲಾಯಿತು. ಇಲ್ಲಿ 1846 ಮತ್ತೆ ಬರುತ್ತದೆ: ಅಮೆರಿಕದ ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ವರ್ಷ ಅದು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. 1856ರಲ್ಲಿ ಸಿಂಗರ್ ಕಂಪನಿ ಕಂತಿನ ಮೇಲೆ ಮಾರಾಟ ಆರಂಭಿಸಿದ ಮೇಲೆ ಯಂತ್ರ ಸಾಮಾನ್ಯರ ಮನೆಗೂ ಬಂತು. ಕೈಯಲ್ಲಿ ಹೊಲಿದರೆ ಸುಮಾರು 14 ಗಂಟೆ ಹಿಡಿಯುವ ಅಂಗಿಯನ್ನು ಯಂತ್ರದಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಸಬಹುದೆಂದು ಆ ಕಾಲದ ತಯಾರಕರು ಲೆಕ್ಕ ತೋರಿಸುತ್ತಿದ್ದರು.

ಯಂತ್ರ ಹೊಲಿಯುತ್ತದೆ ನಿಜ, ಆದರೆ ಕತ್ತರಿಸುವುದು ಹೇಗೆ? ಮಕ್ಕಳ ಅಳತೆ ವರ್ಷಕ್ಕೊಂದು ಬಗೆ. ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಊರಿನ ದರ್ಜಿ ಎಬೆನೆಝರ್ ಬಟ್ರಿಕ್ 1863ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡ. ಬೇರೆ ಬೇರೆ ಅಳತೆಗಳಿಗೆ ಬೇರೆ ಬೇರೆ ಕಾಗದದ ಮಾದರಿಗಳನ್ನು ಮಾಡಿ ಮಾರಿದ. ತೆಳ್ಳನೆಯ ಕಾಗದವಾದ್ದರಿಂದ ಅಂಚೆಯಲ್ಲೂ ಕಳಿಸಬಹುದಿತ್ತು. ಅವನು ಮೊದಲು ಮಾರಿದ್ದು ಹೆಂಗಸರ ಉಡುಪಿನ ಮಾದರಿಗಳನ್ನಲ್ಲ. ಗಂಡಸರ ಮತ್ತು ಹುಡುಗರ ಬಟ್ಟೆಯವನ್ನು. ಇಟಲಿಯ ಹೋರಾಟಗಾರ ಗ್ಯಾರಿಬಾಲ್ಡಿಯ ಹೆಸರಿನ ಹುಡುಗರ ಉಡುಪಿನ ಮಾದರಿ ಚೆನ್ನಾಗಿ ಮಾರಾಟವಾಯಿತು. ಇಲ್ಲಿ ನಮ್ಮ ಇತಿಹಾಸಕ್ಕೆ ಒಂದು ಸಾಕ್ಷಿ ಸಿಕ್ಕಿತು. ಬಟ್ಟೆ ಸವೆದುಹೋದರೂ ಕಾಗದ ಕೆಲವೆಡೆ ಉಳಿಯಿತು.

ಮನೆಯಲ್ಲಿ ಹೊಲಿದ ಮಾತ್ರಕ್ಕೆ ಬಟ್ಟೆ ಹಿತವಾಗಿರುತ್ತದೆ ಎಂದು ಮಾತ್ರ ತಿಳಿಯಬೇಡಿ. ಫ್ರಾನ್ಸಿಸ್ ಹಾಜ್ಸನ್ ಬರ್ನೆಟ್ ಎಂಬ ಲೇಖಕಿ ತನ್ನ ಇಬ್ಬರು ಗಂಡುಮಕ್ಕಳಿಗೆ ಮಖಮಲ್ಲಿನ ಉಡುಪು ಹೊಲಿದು ತೊಡಿಸುತ್ತಿದ್ದಳು. 1886ರಲ್ಲಿ ಪುಸ್ತಕವಾಗಿ ಬಂದ ಆಕೆಯ ‘ಲಿಟಲ್ ಲಾರ್ಡ್ ಫಾಂಟಲ್‌ರಾಯ್’ ಕಾದಂಬರಿಯಿಂದ ಅದು ದೊಡ್ಡ ಫ್ಯಾಶನ್ ಆಯಿತು. ಕಸೂತಿ ಕಾಲರಿನ ಆ ಉಡುಪನ್ನು ಬಹಳ ಹುಡುಗರು ಮೆಚ್ಚಲಿಲ್ಲ. ನೋಡುವವರ ಕಣ್ಣಿಗಾಗಿ ಹೊಲಿದ ಬಟ್ಟೆ ಒಂದು. ತೊಡುವವನ ಮೈಗಾಗಿ ಹೊಲಿದದ್ದು ಇನ್ನೊಂದು.

ಬಟ್ಟೆ ಹರಿಯುವುದು ಎಲ್ಲಿ?

ತೊಡುವವನಿಗಾಗಿ ಹೊಲಿಯುವುದರಲ್ಲಿ ಎಷ್ಟು ವಿಜ್ಞಾನ ಅಡಗಿದೆ ನೋಡಿ. ಹುಡುಗ ಕುಕ್ಕರುಗಾಲಿನಲ್ಲಿ ಕುಳಿತಾಗ ಸೊಂಟದ ಹಿಂಭಾಗದಿಂದ ಕಾಲಿನ ಸಂದಿಯವರೆಗಿನ ಅಳತೆ ಹೆಚ್ಚಾಗುತ್ತದೆ. ಚರ್ಮ ಹಿಗ್ಗುತ್ತದೆ, ಹತ್ತಿ ಬಟ್ಟೆ ಅಷ್ಟು ಹಿಗ್ಗುವುದಿಲ್ಲ. ಎಳೆತವೆಲ್ಲ ನಾಲ್ಕೂ ಹೊಲಿಗೆಗಳು ಕೂಡುವ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ನಿಕ್ಕರು ಮೊದಲು ಬಿಡುವುದು ಅಲ್ಲೇ. ಹಿಂಭಾಗ ಹರಿದ ನಿಕ್ಕರನ್ನು ‘ಪೋಸ್ಟಾಫೀಸು’ ಎಂದು ಹುಡುಗರು ಗೇಲಿ ಮಾಡುತ್ತಿದ್ದುದು ಈ ಭೌತಶಾಸ್ತ್ರದ ಫಲ!

ಅನುಭವಿ ಹೆಂಗಸರು ಸೂತ್ರ ಓದದೆಯೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಸಂದಿಯಲ್ಲೂ ಕಂಕುಳಲ್ಲೂ ಒಂದು ಚೌಕ ತುಂಡನ್ನು ಓರೆಯಾಗಿ ಸೇರಿಸಿದರೆ ಎಳೆತ ಒಂದೇ ಬಿಂದುವಿಗೆ ಬದಲು ನಾಲ್ಕು ಬದಿಗಳಿಗೆ ಹಂಚಿಹೋಗುತ್ತದೆ. ಯುರೋಪಿನ ಹಳೆಯ ಅಂಗಿಗಳಲ್ಲೂ ನಮ್ಮ ನಾಡಿನ ಹಳೆಯ ನಿಲುವಂಗಿಗಳಲ್ಲೂ ಕಂಕುಳ ಈ ಚೌಕ ಕಾಣುತ್ತದೆ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ, ಒಳಗೆ ಮೈಗೆ ಒತ್ತುವುದೂ ಇಲ್ಲ. ಜೇಬಿನ ಬಾಯಿಯ ಎರಡು ತುದಿಗೆ ಒತ್ತೊತ್ತಾಗಿ ಹಾಕಿದ ಹೊಲಿಗೆ ರಿವೆಟ್ಟಿನ ಕೆಲಸವನ್ನೇ ಮಾಡುತ್ತದೆ. ಹಾಸಿನ ಎಳೆ ಮತ್ತು ಹೊಕ್ಕಿನ ಎಳೆ ಓರೆಗೆರೆಯಾಗಿ ಕಾಣುವಂತೆ ನೇಯ್ದ ಡ್ರಿಲ್ ಬಟ್ಟೆಯಲ್ಲಿ ಎಳೆಗಳನ್ನು ಹೆಚ್ಚು ಒತ್ತಾಗಿ ಕೂಡಿಸಬಹುದು. ಅದಕ್ಕೇ ಅದು ಗಟ್ಟಿ. ಆದ್ದರಿಂದಲೇ ನಾವಿಕರು, ಸೈನಿಕರು, ಗಣಿಯವರು ಅಂಥ ಬಟ್ಟೆಯನ್ನು ಆರಿಸಿಕೊಂಡರು.

ಬೆಳವಣಿಗೆಯ ಲೆಕ್ಕ ಇನ್ನೊಂದು. ಕೆಳಗೆ ಎರಡಂಗುಲ ಮಡಿಕೆ, ಸೊಂಟದ ಹಿಂದೆ ಬಿಡಿಸಲು ಬರುವಂತೆ ಒಳಗೆ ಉಳಿಸಿದ ಬಟ್ಟೆ. ‘ಬೆಳೆಯೋ ಹುಡುಗ, ಸ್ವಲ್ಪ ದೊಗಳೆ ಇರಲಿ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ಬರೀ ಜಿಪುಣತನವಲ್ಲ, ಮುಂದಿನ ವರ್ಷದ ಅಂದಾಜು.

ಕೂಪನ್ ಕಾಲದ ಪರೀಕ್ಷೆ

ಈ ಮನೆವಿದ್ಯೆಯ ಬೆಲೆ ಒಂದು ಇಡೀ ದೇಶಕ್ಕೆ ಅರಿವಾದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂತು. ಒಬ್ಬರಿಗೆ ಮೊದಲ ವರ್ಷಕ್ಕೆ 66 ಕೂಪನ್. ಬೆಳೆಯುವ ಮಕ್ಕಳಿಗೆ 10 ಕೂಪನ್ ಹೆಚ್ಚಿಗೆ ಕೊಡಬೇಕಾಯಿತು. 1942ರಲ್ಲಿ ಬಟ್ಟೆ ಉಳಿಸಲೆಂದು ಪ್ಯಾಂಟಿನ ಕೆಳಗಿನ ಮಡಿಕೆಯನ್ನೇ ನಿಷೇಧಿಸಿದರು. ಜನ ಉದ್ದದ ಪ್ಯಾಂಟು ಕೊಂಡು ಮನೆಯಲ್ಲಿ ತಾವೇ ಮಡಚಿ ಹೊಲಿದುಕೊಂಡರು! 1943ರಲ್ಲಿ ಸರ್ಕಾರವೇ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕಿರುಹೊತ್ತಗೆ ಹೊರತಂದಿತು. ಇದ್ದುದರಲ್ಲೇ ಸುಧಾರಿಸಿ, ರಿಪೇರಿ ಮಾಡಿಕೊಳ್ಳಿ ಎಂಬುದು ಅದರ ತಿರುಳು. ಮಕ್ಕಳ ಬಟ್ಟೆಗಳನ್ನು ಅದಲುಬದಲು ಮಾಡಿಕೊಳ್ಳಲು ಮಹಿಳಾ ಸ್ವಯಂಸೇವಕಿಯರು ಕೇಂದ್ರಗಳನ್ನು ನಡೆಸಿದರು. ಈ ಪಡಿತರ ಮುಗಿದದ್ದು 1949ರ ಮಾರ್ಚಿನಲ್ಲಿ. ಅಜ್ಜಿಯಂದಿರಿಗೆ ಮೊದಲೇ ಗೊತ್ತಿದ್ದುದನ್ನು ಸರ್ಕಾರ ಅಚ್ಚು ಹಾಕಿಸಿ ಹಂಚಿತು ಎನ್ನಬಹುದು. ಆದರೆ ಅಚ್ಚಾದದ್ದರಿಂದಲೇ ಇಂದು ನಮಗೆ ಅದು ಓದಲು ಸಿಗುತ್ತದೆ.

ನಿಮ್ಮ ಮನೆಯ ದಾಖಲೆ

ನಮ್ಮ ದೇಶದಲ್ಲೂ ಹೊಲಿಗೆ ಯಂತ್ರಕ್ಕೆ ವಿಶೇಷ ಸ್ಥಾನ ಸಿಕ್ಕಿತು. ಯಂತ್ರಗಳ ಬಗ್ಗೆ ಕಟುವಾಗಿ ಬರೆದ ಗಾಂಧೀಜಿಯವರು 1924ರಲ್ಲಿ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. 1930ರ ದಶಕದಲ್ಲಿ ಕಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರಗಳನ್ನು ತಯಾರಿಸತೊಡಗಿತು. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನ ಹಳೆಯ ಪ್ಯಾಂಟಿನ ಸವೆಯದ ಭಾಗ ಮಗನ ನಿಕ್ಕರಾದದ್ದು ಇಂಥ ಯಂತ್ರಗಳ ಮೇಲೆಯೇ.

ಇಂದು ಸಿದ್ಧ ಉಡುಪು ಅಗ್ಗವಾಗಿ ಸಿಗುತ್ತದೆ. ಹರಿದರೆ ಎಸೆದು ಹೊಸದು ತರುವುದು ಸುಲಭ. ಅದನ್ನು ತಪ್ಪೆನ್ನಲು ಈ ಲೇಖನ ಬರೆದಿಲ್ಲ. ಹೊಲಿಗೆಯ ಹೊರೆ ಶತಮಾನಗಳ ಕಾಲ ಹೆಂಗಸರ ಕಣ್ಣು, ಬೆನ್ನುಗಳ ಮೇಲೆ ಬಿದ್ದಿತ್ತು ಎಂಬುದನ್ನೂ ನಾವು ಮರೆಯಬಾರದು. ಆದರೆ ಆ ಹೊರೆಯೊಳಗೆ ಇದ್ದ ವಿದ್ಯೆ ಬರೆದಿಡದೆ ಮರೆಯಾದರೆ ನಷ್ಟ ನಮ್ಮದು. ರಾಜಕುಮಾರನ ಉಡುಪನ್ನು ಕಾಪಾಡಲು ಸಂಗ್ರಹಾಲಯವಿದೆ. ನಿಮ್ಮ ತಂದೆಯೋ ತಾತನೋ ತೊಟ್ಟ ನಿಕ್ಕರಿಗೆ ನೀವೇ ಸಂಗ್ರಹಾಲಯ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಕೈಯಾರೆ ಹೊಲಿದ ಹಳೆಯ ಅಂಗಿಯೋ ನಿಕ್ಕರೋ ಸಿಕ್ಕರೆ ಒಳಗು ಹೊರಗಾಗಿ ತಿರುಗಿಸಿ ನೋಡಿ. ಮಡಿಕೆ ಎಷ್ಟು ಸಲ ಬಿಚ್ಚಿದೆ, ತೇಪೆ ಎಲ್ಲಿದೆ, ಎಲ್ಲಿ ಎರಡು ಸಾಲು ಹೊಲಿಗೆ ಇದೆ ಎಂದು ಗುರುತಿಸಿ. ಹೊಲಿದ ಅಜ್ಜಿ ಇದ್ದರೆ ಕೇಳಿ, ಯಾರಿಗೆ ಹೊಲಿದದ್ದು, ಯಾವ ವರ್ಷ ಎಂದು ಅವರ ಹೆಸರಿನೊಂದಿಗೆ ನೋಟುಪುಸ್ತಕದಲ್ಲಿ ಬರೆದಿಡಿ. ಬಟ್ಟೆ ಹೇಗೂ ಸವೆಯುತ್ತದೆ, ಬರೆದದ್ದು ಉಳಿಯುತ್ತದೆ.