ವಲಸಿಗರ ತಾಯಿ

ಪರಸ್ಥಳದಿಂದ ಬಂದವರಿಗೆ ನೆಲೆ ಕಲ್ಪಿಸುವುದು ಧರ್ಮಸಭೆಯ ಹಳೆಯ ಸೇವೆ. ಇಟಲಿಯ ಫ್ರಾನ್ಸಿಸ್ ಕ್ಯಾಬ್ರಿನಿ ಚೀನಾಕ್ಕೆ ಹೋಗಬಯಸಿದ್ದರು; ಜಗದ್ಗುರು ಹದಿಮೂರನೆಯ ಲಿಯೋ ಅವರನ್ನು ಅಮೆರಿಕಕ್ಕೆ ಕಳುಹಿಸಿದರು. ೧೮೮೯ರಲ್ಲಿ ಆರು ಮಂದಿ ಧರ್ಮಭಗಿನಿಯರೊಡನೆ ನ್ಯೂಯಾರ್ಕಿಗೆ ಬಂದಿಳಿದಾಗ ಅವರಿಗೇ ತಂಗಲು ಮನೆಯಿರಲಿಲ್ಲ. ಸ್ವದೇಶಕ್ಕೆ ಮರಳಿರೆಂದು ಅಲ್ಲಿನ ಮಹಾಧರ್ಮಾಧ್ಯಕ್ಷರು ಹೇಳಿದರೂ ಅವರು ಮರಳಲಿಲ್ಲ. ಇಟಲಿಯಿಂದ ಬಂದ ಬಡ ಕುಟುಂಬಗಳ ಮಕ್ಕಳಿಗೆ ಶಾಲೆ, ಅನಾಥರಿಗೆ ಆಶ್ರಯ, ೧೮೯೨ರಲ್ಲಿ ರೋಗಿಗಳಿಗೆ ಕೊಲಂಬಸ್ ಆಸ್ಪತ್ರೆ ತೆರೆದರು. ೧೯೧೭ರಲ್ಲಿ ಪರಲೋಕ ಸೇರುವ ವೇಳೆಗೆ ಅವರು ಸ್ಥಾಪಿಸಿದ ಸಂಸ್ಥೆಗಳು ೬೭. ೧೯೪೬ರಲ್ಲಿ ಸಂತ ಪದವಿ ಪಡೆದ ಅವರು ೧೯೫೦ರಲ್ಲಿ ವಲಸಿಗರ ಪಾಲಕಿಯೆಂದು ಘೋಷಿತರಾದರು.

ಒಂದು ಹೊತ್ತಿನ ಅನ್ನ ಅಂದಿನ ಹಸಿವನ್ನು ನೀಗುತ್ತದೆ. ವಿದ್ಯೆಯು ಬದುಕನ್ನೇ ನಿಲ್ಲಿಸುತ್ತದೆ. ಶತಮಾನೋತ್ಸವದ ಈ ಸಂದರ್ಭದಲ್ಲಿ, ಪ್ರಿಯ ಬಂಧುಗಳೇ, ನಾವು ಕೇಳಿಕೊಳ್ಳೋಣ: ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ನಿಂತಿರುವ ಹೊಸ ಕುಟುಂಬದ ಹೆಸರನ್ನಾದರೂ ನಾವು ಬಲ್ಲೆವೆ?